ಅಜ್ಞಾತವಾಸದ ಸಂಸಾರ

ಪೀಣ್ಯದ ಕಾರ್ಖಾನೆಗಳಲ್ಲಿ ಹಗಲೆಲ್ಲ ದುಡಿದು, ತುಮಕೂರು ರಸ್ತೆ ಹಿಡಿದು ಮಾಕಳಿಗೆ ಹಿಂದಿರುಗುವ ಗೃಹಸ್ಥನಿಗೆ ರಾತ್ರಿಯ ಊಟವಾದ ಮೇಲೆ ದೊರೆಯುವ ವಿರಾಮ ಬಹಳವೇನಲ್ಲ. ಆ ಅಲ್ಪ ವಿರಾಮದಲ್ಲಿ ಮಕ್ಕಳು ಯಾವುದಾದರೊಂದು ಕಾರ್ಟೂನು ಚಿತ್ರವನ್ನು ಹಾಕಿಕೊಂಡು ಕುಳಿತರೆ, ತಂದೆಯಾದವನು ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವುದು ಲೋಕರೂಢಿ. ಆದರೆ ಒಂದು ಚಿತ್ರದ ವಿಷಯದಲ್ಲಿ ಈ ರೂಢಿ ತಪ್ಪುವುದುಂಟು. ‘ದಿ ಇನ್‌ಕ್ರೆಡಿಬಲ್ಸ್’ ಎಂಬ ಆ ಚಿತ್ರವನ್ನು ಮಕ್ಕಳು ಹತ್ತನೆಯ ಸಲ ನೋಡುತ್ತಿದ್ದರೂ ತಂದೆಯ ಕೈಯ ಪತ್ರಿಕೆ ಕೆಳಗಿಳಿಯುತ್ತದೆ. ತಾಯಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಇದಕ್ಕೆ ಕಾರಣವಿಲ್ಲದಿಲ್ಲ.

ಕಥೆ ಬರೆದು ಚಿತ್ರವನ್ನು ನಿರ್ದೇಶಿಸಿದವರು ಬ್ರ್ಯಾಡ್ ಬರ್ಡ್. ತಯಾರಿಸಿದ್ದು ಅಮೆರಿಕದ ಪಿಕ್ಸಾರ್ ಸಂಸ್ಥೆ. ತೆರೆ ಕಂಡದ್ದು ೨೦೦೪ರ ನವೆಂಬರಿನಲ್ಲಿ. ಅದುವರೆಗೆ ಆ ಸಂಸ್ಥೆಯ ಕಥಾನಾಯಕರೆಂದರೆ ಆಟದ ಬೊಂಬೆಗಳು, ಇರುವೆಗಳು, ವಿಚಿತ್ರ ರಾಕ್ಷಸರು, ಮೀನುಗಳು. ಮುಖ್ಯ ಪಾತ್ರಗಳೆಲ್ಲ ಮನುಷ್ಯರೇ ಆಗಿ ಬಂದದ್ದು ಈ ಆರನೆಯ ಚಿತ್ರದಲ್ಲಿ. ಕಂಪ್ಯೂಟರಿನಲ್ಲಿ ಮನುಷ್ಯನ ಕೂದಲನ್ನೂ ಉಟ್ಟ ಬಟ್ಟೆಯನ್ನೂ ಸಹಜವಾಗಿ ಚಲಿಸುವಂತೆ ಮಾಡುವುದು ಅಂದು ಬಹು ಕಷ್ಟದ ಕೆಲಸವಾಗಿತ್ತು. ಈ ಕಥೆಯ ನಾಚಿಕೆಯ ಹುಡುಗಿಯ ಮುಖವನ್ನು ಮರೆಮಾಡುವ ನೀಳಗೂದಲು ಕಲಾವಿದರನ್ನು ಬಹಳವಾಗಿ ಕಾಡಿತು. ೨೦೦೫ರಲ್ಲಿ ಚಿತ್ರಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳು ಬಂದವು. ಆದರೂ ಚಿತ್ರದ ಆಕರ್ಷಣೆ ಪ್ರಶಸ್ತಿಯಲ್ಲಿಲ್ಲ, ಕೂದಲಿನ ಕುಶಲತೆಯಲ್ಲೂ ಇಲ್ಲ, ಅದು ಕಥೆಯಲ್ಲಿದೆ.

ಜನರನ್ನು ಅಪಾಯದಿಂದ ಕಾಪಾಡುತ್ತಿದ್ದ ಅತಿಮಾನುಷ ವೀರರ ಮೇಲೆ ಜನರೇ ನ್ಯಾಯಾಲಯದಲ್ಲಿ ದಾವೆ ಹೂಡುತ್ತಾರೆ. ಸರ್ಕಾರ ಅವರಿಗೆ ಬೇರೆ ಹೆಸರು, ಬೇರೆ ಊರು, ಬೇರೆ ಉದ್ಯೋಗ ಕೊಟ್ಟು ಮರೆಸಿಡುತ್ತದೆ. ಹದಿನೈದು ವರ್ಷ ಕಳೆಯುತ್ತವೆ. ರೈಲನ್ನೇ ತಡೆದು ನಿಲ್ಲಿಸಬಲ್ಲ ಬಾಬ್ ಪಾರ್ ಈಗ ವಿಮಾ ಕಂಪನಿಯೊಂದರ ಗುಮಾಸ್ತ. ಮೇಜು ಅವನಿಗೆ ಚಿಕ್ಕದು, ಕಾರು ಅದಕ್ಕಿಂತ ಚಿಕ್ಕದು. ನ್ಯಾಯವಾಗಿ ಬರಬೇಕಾದ ಹಣಕ್ಕಾಗಿ ಅಂಗಲಾಚುವ ಮುದುಕಿಯೊಬ್ಬಳಿಗೆ ನಿಯಮಗಳ ಒಳದಾರಿಯನ್ನು ಅವನು ಪಿಸುಮಾತಿನಲ್ಲಿ ಹೇಳಿಕೊಡುತ್ತಾನೆ. ಹೊರಗಿನವರಿಗೆ ಕೇಳುವಂತೆ ಮಾತ್ರ ತನ್ನ ಕೈಲಿ ಏನೂ ಆಗದೆಂದು ನಟಿಸುತ್ತಾನೆ. ಪರಾಕ್ರಮಿಯೊಬ್ಬನ ಪರಾಕ್ರಮವೆಲ್ಲ ಒಂದು ಪಿಸುಮಾತಿಗೆ ಇಳಿದ ಈ ದೃಶ್ಯವನ್ನು ನೋಡಿ ಮಕ್ಕಳು ನಗುತ್ತಾರೆ; ಕಛೇರಿಯ ಕುರ್ಚಿಯನ್ನು ಬಲ್ಲ ಹಿರಿಯರು ಅಷ್ಟಾಗಿ ನಗುವುದಿಲ್ಲ.

ಸಂಸಾರದಲ್ಲಿ ಒಬ್ಬೊಬ್ಬರಿಗೂ ಹಂಚಿರುವ ಶಕ್ತಿಯಲ್ಲಿಯೂ ಒಂದು ಔಚಿತ್ಯವಿದೆ. ತಂದೆ ಬಲಶಾಲಿಯಾಗಿರಬೇಕೆಂಬುದು ಲೋಕದ ನಿರೀಕ್ಷೆ. ಆದುದರಿಂದ ಬಾಬ್‌ಗೆ ದೇಹಬಲ. ತಾಯಿಯನ್ನು ದಿನವೂ ಹತ್ತು ಕಡೆಗೆ ಎಳೆಯುತ್ತಾರೆ. ಆದುದರಿಂದ ಹೆಲೆನ್‌ಳ ಮೈ ರಬ್ಬರಿನಂತೆ ಹಿಗ್ಗುತ್ತದೆ. ಹದಿವಯಸ್ಸಿನ ವಯಲೆಟ್‌ಗೆ ಯಾರ ಕಣ್ಣಿಗೂ ಬೀಳದಿರುವ ಆಸೆ, ಅವಳು ಅದೃಶ್ಯಳಾಗಬಲ್ಲಳು. ಹತ್ತು ವರ್ಷದ ಡ್ಯಾಶ್ ಒಂದೆಡೆ ನಿಲ್ಲಲಾರ. ಅವನಿಗೆ ಗಾಳಿಯ ವೇಗ. ಕೈಗೂಸಿನಲ್ಲಿ ಏನೇನಡಗಿದೆಯೋ ಬಲ್ಲವರಿಲ್ಲ. ಬರ್ಡ್ ಈ ಶಕ್ತಿಗಳನ್ನು ಸಂಸಾರದ ಪಾತ್ರಗಳಿಂದಲೇ ಆರಿಸಿಕೊಂಡುದಾಗಿ ಹೇಳಿದ್ದಾರೆ. ಯಾವ ಮನೆಯವರು ನೋಡಿದರೂ ತಮ್ಮ ಮನೆಯನ್ನೇ ಕಂಡಂತಾಗುವುದು ಇದರಿಂದಲೇ.

ಕನ್ನಡಿಗರಿಗೆ ಇದು ಇನ್ನೊಂದು ಕಾರಣದಿಂದಲೂ ಹಳೆಯ ಪರಿಚಯ. ಮಹಾಬಲರಾದವರು ಹೆಸರು ಮರೆಸಿಕೊಂಡು ಪರರ ಊಳಿಗದಲ್ಲಿ ದಿನ ನೂಕುವ ಕಥೆ ಇವರಿಗೆ ಹೊಸದಲ್ಲ. ವಿರಾಟನಗರದಲ್ಲಿ ಭೀಮ ಅಡಿಗೆಯ ವಲಲನಾದ. ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯ ಕಲಿಸಿದ. ನಕುಲ ಕುದುರೆಗಳನ್ನೂ ಸಹದೇವ ಗೋವುಗಳನ್ನೂ ನೋಡಿಕೊಂಡರು. ದ್ರೌಪದಿ ರಾಣಿಯ ಸೈರಂಧ್ರಿಯಾದಳು. ಆಯುಧಗಳು ಬನ್ನಿಯ ಮರವನ್ನು ಸೇರಿದವು. ಹದಿನೈದನೆಯ ಶತಮಾನದಲ್ಲಿ ಕುಮಾರವ್ಯಾಸ ಈ ಕಥೆಯನ್ನು ಕನ್ನಡದಲ್ಲಿ ಹಾಡಿದ. ಮಳೆ ತಡವಾದಾಗ ಊರಿನಲ್ಲಿ ವಿರಾಟಪರ್ವವನ್ನು ಓದಿಸುವ ಸಂಪ್ರದಾಯವೂ ಕನ್ನಡ ನಾಡಿನಲ್ಲಿ ಬೆಳೆಯಿತು. ಮೋಡದ ಒಳಗಿನ ನೀರಿನಂತೆ ಅಡಗಿದ ಶಕ್ತಿ ಒಮ್ಮೆ ಸುರಿಯಲೇಬೇಕೆಂಬ ನಂಬಿಕೆ ಅದರ ಹಿಂದಿದ್ದರೂ ಇರಬಹುದು.

ಸಾಮ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಭೀಮನಿಗೆ ಕೀಚಕನ ವಿಷಯದಲ್ಲಿ ಕೈ ಕಟ್ಟಿ ಕುಳಿತಿರಲಾಗಲಿಲ್ಲ. ಬಾಬ್‌ಗೂ ಹಾಗೆಯೇ: ಕಿಟಕಿಯ ಹೊರಗೆ ದಾರಿಹೋಕನೊಬ್ಬನನ್ನು ಕಳ್ಳ ಬಡಿಯುತ್ತಿರುವಾಗ ಮೇಲಧಿಕಾರಿ ಅವನನ್ನು ಹೋಗಗೊಡುವುದಿಲ್ಲ, ಮರುಕ್ಷಣ ಅಧಿಕಾರಿ ಹಲವು ಗೋಡೆಗಳನ್ನು ತೂರಿಕೊಂಡು ಹೋಗಿ ಬೀಳುತ್ತಾನೆ. ಆದರೆ ಭೇದ ಒಂದುಂಟು, ಅದೇ ಮುಖ್ಯ. ಭೀಮನನ್ನು ನಡುರಾತ್ರಿ ಎಬ್ಬಿಸಿದವಳು ದ್ರೌಪದಿ. ಅವನು ಮಾಡಿದ್ದೆಲ್ಲ ಅವಳು ಬಲ್ಲ ಕಾರ್ಯ. ಬಾಬ್ ಕೆಲಸ ಕಳೆದುಕೊಂಡ ಸಂಗತಿಯನ್ನು ಹೆಂಡತಿಗೆ ತಿಳಿಸುವುದೇ ಇಲ್ಲ. ಮೊದಲಿನಂತೆ ಕೆಲಸಕ್ಕೆಂದು ಹೊರಡುತ್ತಾನೆ, ಗುಟ್ಟಾಗಿ ಹಳೆಯ ಸಾಹಸಕ್ಕೆ ತೊಡಗುತ್ತಾನೆ. ಗಂಡ ಆ ಕಛೇರಿಯಲ್ಲಿಲ್ಲವೆಂಬುದನ್ನು ಹೆಲೆನ್ ಕಂಪನಿಯವರಿಂದ ದೂರವಾಣಿಯಲ್ಲಿ ಕೇಳಿ ತಿಳಿಯಬೇಕಾಗುತ್ತದೆ.

ಬೆಂಗಳೂರಿನ ಸುತ್ತಣ ಬಡಾವಣೆಗಳಲ್ಲಿ ಇದು ಕೇವಲ ಚಿತ್ರದ ಕಥೆಯಲ್ಲ. ಕಂಪನಿ ಆಳುಗಳನ್ನು ಇಳಿಸಿದಾಗ, ಯಂತ್ರ ನಿಂತಾಗ, ಮನೆಯಲ್ಲಿ ಹೇಳಲು ಬಾಯಿ ಬಾರದೆ ಊಟದ ಡಬ್ಬಿ ಹಿಡಿದು ಎಂದಿನ ಬಸ್ಸನ್ನೇ ಹತ್ತುವ ಗಂಡಸಿನ ಸಂಕಟ ಯಾವ ಕಾಲದಲ್ಲಿಯೂ ಇದ್ದದ್ದೇ. ಚಿತ್ರ ಅವನನ್ನು ಹೀಯಾಳಿಸುವುದಿಲ್ಲ, ಕ್ಷಮಿಸಿಯೂ ಬಿಡುವುದಿಲ್ಲ. ತಪ್ಪು ಅವನು ಮತ್ತೆ ವೀರನಾಗಲೆಳಸಿದ್ದರಲ್ಲಿಲ್ಲ. ಸಂಸಾರವನ್ನು ಹೊರಗಿಟ್ಟು ಎಳಸಿದ್ದರಲ್ಲಿದೆ.

ಆ ತಪ್ಪಿನ ಬೆಲೆ ಬೀಳುವುದು ತಾಯಿಯ ಮೇಲೆ. ಗಂಡನನ್ನು ಹುಡುಕಿಕೊಂಡು ವಿಮಾನದಲ್ಲಿ ಹೊರಟ ಹೆಲೆನ್ ಶತ್ರುವಿನ ಕ್ಷಿಪಣಿಗಳು ಬೆನ್ನಟ್ಟಿದಾಗ ಮಗಳನ್ನು ರಕ್ಷಣೆಗೆ ಕೂಗುತ್ತಾಳೆ. ಅಂಜಿದ ಹುಡುಗಿಯ ಕೈಯಲ್ಲಿ ಅದಾಗುವುದಿಲ್ಲ. ತಾಯಿ ತಾನೇ ಧುಮುಕುಕೊಡೆಯಾಗಿ ಮಕ್ಕಳನ್ನು ಇಳಿಸುತ್ತಾಳೆ, ತಾನೇ ದೋಣಿಯಾಗಿ ದಡ ಮುಟ್ಟಿಸುತ್ತಾಳೆ. ಅನಂತರ ಮಗಳ ಬಳಿ ಕುಳಿತು, ಅದು ಅವಳ ತಪ್ಪಲ್ಲವೆಂದೂ, ಅಷ್ಟೊಂದನ್ನು ಒಮ್ಮೆಲೇ ಬೇಡಿದ್ದು ನ್ಯಾಯವಲ್ಲವೆಂದೂ ಸಂತೈಸುತ್ತಾಳೆ. ಸೋತ ಮಗುವಿಗೆ ಹೀಗೆ ಹೇಳಬಲ್ಲ ಹಿರಿಯರು ಪರೀಕ್ಷೆಯ ಫಲಿತಾಂಶದ ದಿನ ಎಷ್ಟು ಮನೆಗಳಲ್ಲಿದ್ದಾರೆ?

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಹುಟ್ಟಿನಿಂದ ಬಂದ ಶಕ್ತಿಯೇ ಶಕ್ತಿ, ಕೈಯಿಂದ ಮಾಡಿಕೊಂಡದ್ದು ಕೃತಕ ಎಂಬ ಧ್ವನಿ ಅಲ್ಲಲ್ಲಿ ಕೇಳುತ್ತದೆ. ಖಳನಾಯಕ ಸಿಂಡ್ರೋಮ್ ಬಾಲ್ಯದಲ್ಲಿ ಬಾಬ್‌ನ ಅಭಿಮಾನಿ, ಅವನಿಂದ ತಿರಸ್ಕೃತನಾದವನು, ಉಪಕರಣಗಳನ್ನು ಕಟ್ಟುವುದರಲ್ಲಿ ನಿಜವಾದ ಪ್ರತಿಭಾವಂತ. ಲೇತು, ಮಿಲ್ಲಿಂಗ್ ಯಂತ್ರಗಳ ಮುಂದೆ ಕೈ ಪಳಗಿಸಿಕೊಂಡ ಪೀಣ್ಯದ ಕುಶಲಕರ್ಮಿ ಈ ತಾರತಮ್ಯವನ್ನು ಒಪ್ಪಲಾರ. ಆದರೆ ಇದಕ್ಕೊಂದು ಪರಿಹಾರವೂ ಚಿತ್ರದಲ್ಲಿಯೇ ಇದೆ. ಯಾವ ಅತಿಮಾನುಷ ಶಕ್ತಿಯೂ ಇಲ್ಲದ ಗಿಡ್ಡ ಹೆಂಗಸು ಎಡ್ನಾ, ವೀರರಿಗೆ ಉಡುಪು ಸಿದ್ಧಪಡಿಸುವವಳು, ತನ್ನ ಕಸುಬಿನ ಬಲದಿಂದಲೇ ಎಲ್ಲರನ್ನೂ ಗದರಿಸುತ್ತಾಳೆ. ಹಿಂದೆ ಜೋಲಾಡುವ ನಿಲುವಂಗಿಯನ್ನು ಅವಳು ಯಾರಿಗೂ ಹೊಲಿದುಕೊಡಳು. ಅದು ಯಂತ್ರಕ್ಕೆ ಸಿಕ್ಕಿ ಸತ್ತವರ ಲೆಕ್ಕ ಅವಳ ಬಳಿ ಇದೆ. ತಿರುಗುವ ಯಂತ್ರದ ಮುಂದೆ ಸಡಿಲ ಬಟ್ಟೆ ಕೂಡದೆಂಬ ಈ ವಿವೇಕ ಕಾರ್ಖಾನೆಯಲ್ಲಿ ಮೊದಲ ದಿನವೇ ಕಲಿಸುವ ಪಾಠ. ಸಿಂಡ್ರೋಮನ ಅಂತ್ಯವೂ ಅಂಥ ನಿಲುವಂಗಿಯಿಂದಲೇ.

ಕನ್ನಡದ ಮಕ್ಕಳಿಗೆ ಈ ಚಿತ್ರ ಕನ್ನಡದಲ್ಲಿ ಬರಲಿಲ್ಲವೆಂಬುದು ಬೇರೆಯ ಕೊರಗು. ೨೦೦೪ರಲ್ಲಿಯೇ ‘ಹಮ್ ಹೈ ಲಾಜವಾಬ್’ ಎಂಬ ಹಿಂದೀ ರೂಪ ಬಂದು, ತಂದೆಯ ಪಾತ್ರಕ್ಕೆ ಶಾರುಖ್ ಖಾನರೂ ಮಗನ ಪಾತ್ರಕ್ಕೆ ಅವರ ಪುತ್ರ ಆರ್ಯನನೂ ದನಿಯಿತ್ತರು. ಡಬ್ಬಿಂಗ್ ಚಿತ್ರಗಳನ್ನು ಕನ್ನಡ ಚಿತ್ರರಂಗ ದಶಕಗಳ ಕಾಲ ದೂರವಿಟ್ಟಿತ್ತು. ಅಂಥ ತಡೆ ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಮಾನಿಸಿದ್ದು ೨೦೧೫ರಲ್ಲಿ. ೨೦೨೫ರಲ್ಲಿ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರ ಕನ್ನಡದಲ್ಲಿಯೂ ತೆರೆ ಕಂಡಿತು. ಪಾರ್ ಕುಟುಂಬದ ಊಟದ ಮೇಜಿನ ಜಗಳವನ್ನು ಮನೆಯ ಮಾತಿನಲ್ಲಿಯೇ ಕೇಳುವ ಸುಖ ಮಾತ್ರ ಒಂದು ಪೀಳಿಗೆಯ ಮಕ್ಕಳಿಗೆ ತಪ್ಪಿಹೋಯಿತು.

೨೦೧೮ರಲ್ಲಿ ಬಂದ ಎರಡನೆಯ ಭಾಗದಲ್ಲಿ ಹೆಲೆನ್ ದುಡಿಮೆಗೆ ಹೊರಡುತ್ತಾಳೆ. ಮನೆಯಲ್ಲುಳಿದ ಬಾಬ್ ಮಗನ ಲೆಕ್ಕದ ಪಾಠದ ಮುಂದೆ, ಕೈಗೂಸಿನ ರಂಪದ ಮುಂದೆ ಸುಸ್ತಾಗುತ್ತಾನೆ. ಆದರೆ ಅವನು ನಿಜವಾಗಿ ಗೆಲ್ಲುವುದು ಮೊದಲ ಭಾಗದ ಕೊನೆಯಲ್ಲಿ. ಕಡೆಯ ಕಾಳಗಕ್ಕೆ ಮುನ್ನ, ಹೆಂಡತಿ ಮಕ್ಕಳು ಹಿಂದೆಯೇ ಉಳಿಯಲೆಂದು ಬಾಬ್ ಹಟ ಹಿಡಿಯುತ್ತಾನೆ. ಹೆಲೆನ್ ಕಾರಣ ಕೇಳಿದಾಗ, ಅವರನ್ನು ಮತ್ತೊಮ್ಮೆ ಕಳೆದುಕೊಳ್ಳುವಷ್ಟು ಬಲ ತನಗಿಲ್ಲವೆಂದು ಬಾಯಿಬಿಟ್ಟು ಹೇಳುತ್ತಾನೆ. ರೈಲು ತಡೆದವನ ಬಾಯಿಂದ ಈ ಮಾತು ಹೊರಟ ಮೇಲೆಯೇ ಸಂಸಾರದ ಐವರೂ ಒಂದಾಗುವುದು. ಪಾಂಡವರ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವಿತ್ತು. ಸಂಸಾರಿಯ ಅಜ್ಞಾತವಾಸಕ್ಕೆ ಗಡುವಿಲ್ಲ. ಮನೆಯವರ ಮುಂದೆ ತನ್ನ ಅಳುಕನ್ನು ಅವನು ಹೇಳಿಕೊಂಡ ದಿನವೇ ಅದು ಮುಗಿಯುತ್ತದೆ.