ಇಂಗ್ಲಿಷ್ ಬರವಣಿಗೆ ಮತ್ತು ಗುರುವಿನ ತಿದ್ದುಪಡಿ

ನಮ್ಮ ಗ್ರಾಮಾಂತರ ಪ್ರದೇಶದ ವಿದ್ಯಾರ್ಥಿಗಳು ಎಷ್ಟೋ ವರ್ಷ ಇಂಗ್ಲಿಷ್ ಅಭ್ಯಾಸ ಮಾಡಿದರೂ ಆ ಭಾಷೆಯಲ್ಲಿ ಒಂದು ಪುಟವನ್ನು ನಿರ್ದುಷ್ಟವಾಗಿ ಬರೆಯಲಾರರೆಂಬ ಮಾತು ಪಾಲಕರಿಂದಲೂ ಶಿಕ್ಷಕರಿಂದಲೂ ಮೇಲಿಂದ ಮೇಲೆ ಕೇಳಿಬರುತ್ತದೆ. ಇದಕ್ಕೆ ಕೆಲವರು ವಿದ್ಯಾರ್ಥಿಗಳ ಆಲಸ್ಯವನ್ನೂ, ಕೆಲವರು ಕನ್ನಡ ಮಾಧ್ಯಮವನ್ನೂ ಕಾರಣವಾಗಿ ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಮುಖ್ಯ ಕಾರಣಗಳಲ್ಲ. ನಮ್ಮ ಮಕ್ಕಳು ಸ್ವಂತವಾಗಿ ಬರೆಯುವುದು ಕಡಿಮೆ. ಬರೆದುದನ್ನು ಬಲ್ಲವರೊಬ್ಬರು ಓದಿ ತಿದ್ದುವುದು ಅದಕ್ಕಿಂತ ಕಡಿಮೆ. ತಿದ್ದಿದುದನ್ನು ಮಕ್ಕಳು ಮರಳಿ ಬರೆಯುವುದಂತೂ ತೀರ ವಿರಳ.

ಮಕ್ಕಳ ತಪ್ಪುಗಳೆಲ್ಲ ಅಜ್ಞಾನದಿಂದ ಹುಟ್ಟಿದವುಗಳಲ್ಲ. ಬಹಳಷ್ಟು ತಪ್ಪುಗಳು ತಾಯ್ನುಡಿಯ ನಿಯಮವನ್ನೇ ಪರಭಾಷೆಗೆ ಅನ್ವಯಿಸುವುದರಿಂದ ಉಂಟಾಗುತ್ತವೆ. ಕನ್ನಡದಲ್ಲಿ ಆರ್ಟಿಕಲ್‌ಗಳಿಲ್ಲ, ಆದುದರಿಂದ ಬಾಲಕನು ‘ಐ ಸಾ ಎಲಿಫೆಂಟ್’ ಎಂದು ಬರೆಯುತ್ತಾನೆ. ನಮ್ಮ ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಪ್ರಿಪೊಸಿಷನ್ ಎಂಬ ಬಿಡಿಪದವು ನಾಮಪದಕ್ಕಿಂತ ಮೊದಲು ನಿಂತು ಮಾಡುತ್ತದೆ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಎಂಬುದು ಸರಿಯಾದ ಕನ್ನಡ. ಅದರ ಪಡಿಯಚ್ಚಾಗಿ ‘ಡಿಸ್ಕಸ್ಡ್ ಅಬೌಟ್’ ಎಂದು ಬರೆದರೆ ‘ಅಬೌಟ್’ ಹೆಚ್ಚಾಗುತ್ತದೆ. ‘ನಿನ್ನೆಯೇ ಬಂದೆ’ ಎಂಬಲ್ಲಿನ ಅವಧಾರಣೆಯ ಏಕಾರವು ‘ಯೆಸ್ಟರ್‌ಡೇ ಓನ್ಲಿ ಐ ಕೇಮ್’ ಎಂಬ ರೂಪ ತಾಳುತ್ತದೆ. ಇಂಥಲ್ಲಿ ಕೇವಲ ಕೆಂಪು ಗೆರೆ ಎಳೆದರೆ ಮಗುವಿಗೆ ಅಂಜಿಕೆಯಲ್ಲದೆ ಅರಿವು ಬಾರದು. ಎರಡೂ ಭಾಷೆಗಳ ನಡೆಯನ್ನು ಎದುರುಬದುರಾಗಿಟ್ಟು ತೋರಿಸಿದರೆ ತಪ್ಪೇ ಪಾಠವಾಗುತ್ತದೆ. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಶಿಕ್ಷಕನೇ ನಮ್ಮ ಮಕ್ಕಳಿಗೆ ಇಂಗ್ಲಿಷನ್ನೂ ಚೆನ್ನಾಗಿ ಕಲಿಸಬಲ್ಲನೆಂದು ನಾನು ನಂಬುವುದು ಇದಕ್ಕಾಗಿ.

ತಿದ್ದುವುದಕ್ಕೂ ಒಂದು ಕ್ರಮವುಂಟು. ಪುಟವನ್ನೆಲ್ಲ ಕೆಂಪಾಗಿಸಿದರೆ ವಿದ್ಯಾರ್ಥಿಯು ಅಂಕವನ್ನಷ್ಟೇ ನೋಡಿ ನೋಟುಬುಕ್ಕನ್ನು ಮುಚ್ಚಿಡುತ್ತಾನೆ. ಒಂದು ವಾರ ಕ್ರಿಯಾಪದದ ಕಾಲ, ಮರುವಾರ ಆರ್ಟಿಕಲ್ ಎಂಬಂತೆ ಒಂದೆರಡು ಬಗೆಯ ತಪ್ಪುಗಳನ್ನೇ ಆಯ್ದು, ಅಂಚಿನಲ್ಲಿ ಗುರುತು ಮಾಡಿ, ಸರಿಯಾದ ರೂಪವನ್ನು ಹುಡುಕುವ ಹೊಣೆಯನ್ನು ಅವನಿಗೇ ಬಿಡಬೇಕು. ಚೆನ್ನಾಗಿ ಬಂದ ಒಂದು ವಾಕ್ಯವನ್ನಾದರೂ ಮೆಚ್ಚಿ ಹೇಳಬೇಕು. ಅನಂತರ ಇಡೀ ಪುಟವನ್ನು ಮರಳಿ ಬರೆಸಬೇಕು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಅವರ ಆತ್ಮಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟ ಅವರು ಗೆಳೆಯನೊಡನೆ ನಡೆಸಿದ ವಾದದ ಪತ್ರಗಳನ್ನು ತಂದೆ ಓದಿದರು. ಕಾಗುಣಿತದಲ್ಲಿ ಮಗನು ಮೇಲಾದರೂ ಶೈಲಿಯ ಸೊಗಸು, ಕ್ರಮ, ಸ್ಪಷ್ಟತೆಗಳಲ್ಲಿ ಹಿಂದೆಂಬುದನ್ನು ಉದಾಹರಣೆಸಹಿತ ತೋರಿಸಿಕೊಟ್ಟರು. ಮಗನು ಕುಗ್ಗಲಿಲ್ಲ. ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧಗಳ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನಗಳ ಬಳಿಕ ಪುಸ್ತಕ ನೋಡದೆ ಮರಳಿ ಬರೆದು, ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದಿಕೊಂಡನು. ತಿದ್ದುವವರ ಪರಮೋದ್ದೇಶವೂ ಇದೇ: ತನ್ನನ್ನು ತಾನೇ ತಿದ್ದಿಕೊಳ್ಳಬಲ್ಲ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವುದು.

ಇಂದು ಕಂಪ್ಯೂಟರು, ಮೊಬೈಲುಗಳು ಕ್ಷಣಾರ್ಧದಲ್ಲಿ ವಾಕ್ಯವನ್ನು ತಿದ್ದಿಕೊಡುತ್ತವೆ. ಕೇಳಿದರೆ ಕಾರಣವನ್ನೂ ಹೇಳುತ್ತವೆ. ಅವುಗಳನ್ನು ದೂರವಿಡಬೇಕೆಂದು ನಾನು ಹೇಳಲಾರೆ. ಆದರೆ ಸಿದ್ಧವಾಗಿ ಬಂದ ಶುದ್ಧ ವಾಕ್ಯವನ್ನು ನಕಲು ಮಾಡುವವನಿಗೆ ಪುಟ ಶುದ್ಧವಾಗುತ್ತದೆಯೇ ಹೊರತು ಬುದ್ಧಿ ಬೆಳೆಯುವುದಿಲ್ಲ. ಈ ಮಗುವು ಯಾವ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೆ, ಯಾವಾಗ ಗದರಬೇಕು, ಯಾವಾಗ ಬೆನ್ನು ತಟ್ಟಬೇಕು ಎಂಬುದನ್ನು ದಿನವೂ ಅದರ ಮುಖ ನೋಡುವ ಗುರುವೇ ಅರಿಯಬಲ್ಲನು.

ಇಂಗ್ಲಿಷಿನ ಈ ಸಾಧನೆಯಿಂದ ಕನ್ನಡಕ್ಕೆ ಕುಂದಾಗುವುದೆಂಬ ಶಂಕೆಗೂ ಆಸ್ಪದವಿಲ್ಲ. ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಗಿ, ನಮ್ಮ ಶರಣರ ವಚನಗಳು ಜಗತ್ತಿನ ಓದುಗರನ್ನು ಮುಟ್ಟಿದುದು ಎರಡೂ ಭಾಷೆಗಳ ಮರ್ಮವರಿತ ಒಬ್ಬ ಕನ್ನಡಿಗರ ಲೇಖನಿಯಿಂದಲ್ಲವೆ?

ಇಷ್ಟಾದರೂ ಶಿಕ್ಷಕರ ಕಷ್ಟವನ್ನು ಮರೆಯಬಾರದು. ತರಗತಿಯಲ್ಲಿ 60 ಮಕ್ಕಳಿದ್ದು, ಒಂದು ಪುಟಕ್ಕೆ 5 ನಿಮಿಷವೆಂದರೂ 300 ನಿಮಿಷ, ಅಂದರೆ 5 ಗಂಟೆ ಬೇಕು. ಮೂರು ತರಗತಿಗಳಿದ್ದರೆ 15 ಗಂಟೆ. ಪಾಠ, ಪರೀಕ್ಷೆ, ದಾಖಲೆಗಳ ನಡುವೆ ಈ ವೇಳೆಯನ್ನು ಅವರು ಎಲ್ಲಿಂದ ತಂದಾರು? ಆದುದರಿಂದ ದಾನಿಗಳಲ್ಲಿ ನನ್ನದೊಂದು ವಿನಂತಿ. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ದಾನವು ಶ್ಲಾಘ್ಯವೇ. ಆದರೆ ಭಾಷಾ ಶಿಕ್ಷಕರೊಬ್ಬರ ಹೆಚ್ಚಿನ ಹುದ್ದೆಯನ್ನು ಪೋಷಿಸುವ ದಾನವು ಅದಕ್ಕಿಂತ ಕಿರಿದಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಬಲ್ಲವರು ವಾರಕ್ಕೆ ಹತ್ತು ಪುಟಗಳನ್ನು ತಿದ್ದಿಕೊಡುವ ಹೊಣೆ ಹೊತ್ತರೂ ಸಾಕು, ಅದೊಂದು ದೊಡ್ಡ ಸೇವೆ. ಅನ್ನ ದಾಸೋಹದಿಂದ ಹಸಿದವರನ್ನು ತಣಿಸಿದ ಮಠದ ಅಂಗಳದಲ್ಲಿ ತಿದ್ದುಪಡಿಯ ಈ ಕಾಯಕವೂ ಅಕ್ಷರ ದಾಸೋಹವೆನಿಸಲಿ. ಇಲ್ಲಿಯ ಬಡಮಗುವೊಂದು ತನ್ನ ಮನಸ್ಸಿನ ಮಾತನ್ನು ಯಾವ ಭಾಷೆಯಲ್ಲಿಯಾದರೂ ಅಂಜದೆ, ಅಳುಕದೆ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.