ಹಾಲಿನ ಕ್ಯಾನಿಗೆ ಜಾತಿಯಿರಲಿಲ್ಲ

ನವೆಂಬರ್ 26ರಂದು ನಮ್ಮ ದೇಶವು ಎರಡು ದಿನಾಚರಣೆಗಳನ್ನು ಆಚರಿಸುತ್ತದೆ. 1949ರ ಆ ದಿನ ಸಂವಿಧಾನ ಸಭೆಯು ಸಂವಿಧಾನವನ್ನು ಅಂಗೀಕರಿಸಿತು. ಆದ್ದರಿಂದ ಅದು ಸಂವಿಧಾನ ದಿನ. 1921ರ ಅದೇ ದಿನ ಕಲ್ಲಿಕೋಟೆಯಲ್ಲಿ ವರ್ಗೀಸ್ ಕುರಿಯನ್ ಜನಿಸಿದರು. ಆದ್ದರಿಂದ ಅದು ರಾಷ್ಟ್ರೀಯ ಹಾಲು ದಿನವೂ ಹೌದು. ಇವೆರಡೂ ಒಂದೇ ದಿನ ಬಂದುದು ಕೇವಲ ಕಾಕತಾಳೀಯವಿರಬಹುದು. ಆದರೆ ಅದರಲ್ಲೊಂದು ಅರ್ಥವಿದೆ. ಸಂವಿಧಾನವು ಕಾಗದದ ಮೇಲೆ ಬರೆದ ಸಮಾನತೆಯನ್ನು ದಿನಕ್ಕೆ ಎರಡು ಹೊತ್ತು ಆಚರಣೆಗೆ ತಂದ ಕೆಲವೇ ಸ್ಥಳಗಳಲ್ಲಿ ಹಳ್ಳಿಯ ಹಾಲಿನ ಡೇರಿಯೂ ಒಂದು.

ಈ ಚರಿತ್ರೆಯು ಅನ್ಯಾಯದ ವಿರುದ್ಧದ ಪ್ರತಿಭಟನೆಯಿಂದ ಆರಂಭವಾಯಿತು. 1945ರಲ್ಲಿ ಮುಂಬಯಿ ನಗರಕ್ಕೆ ಹಾಲು ಪೂರೈಸುವ ಯೋಜನೆಯೊಂದು ಜಾರಿಗೆ ಬಂದಾಗ, ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ಖರೀದಿಸುವ ಅವಕಾಶ ಪೋಲ್ಸನ್ ಎಂಬ ಖಾಸಗಿ ಕಂಪೆನಿಯ ಪಾಲಾಯಿತು. ಹಾಲು ಕರೆಯುವ ರೈತನಿಗೆ ಬೆಲೆಯ ವಿಷಯದಲ್ಲಿ ಧ್ವನಿಯೇ ಇರಲಿಲ್ಲ. ಸರ್ದಾರ್ ಪಟೇಲರ ಸಲಹೆ ಮತ್ತು ತ್ರಿಭುವನ್‌ದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಹದಿನೈದು ದಿನ ಹಾಲು ಮಾರದೆ ಹಟ ಹಿಡಿದರು. 1946ರ ಡಿಸೆಂಬರ್ 14ರಂದು ಅವರ ಸಹಕಾರಿ ಒಕ್ಕೂಟ ನೋಂದಣಿಯಾಯಿತು. ಮೊದಲಿಗೆ ಇದ್ದುದು ಎರಡು ಹಳ್ಳಿಯ ಸಂಘಗಳು, ದಿನಕ್ಕೆ ಸುಮಾರು 250 ಲೀಟರ್ ಹಾಲು. ಅದೇ ಮುಂದೆ ಅಮುಲ್ ಆಯಿತು. 1949ರಲ್ಲಿ ಆನಂದ್‌ಗೆ ಬಂದ ಕುರಿಯನ್ ಅದನ್ನು ಕಟ್ಟಿ ಬೆಳೆಸಿದರು. ಎಮ್ಮೆಯ ಹಾಲಿನಿಂದ ಹಾಲಿನ ಪುಡಿ ತಯಾರಿಸುವುದು ಅಸಾಧ್ಯವೆಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಅದು ಸಾಧ್ಯವೆಂದು ಎಚ್.ಎಂ. ದಲಾಯ ತೋರಿಸಿಕೊಟ್ಟರು. ಖೇಡಾದ ಹಿಂದೂ ರೈತರು ಮತ್ತು ಕೇರಳದ ಓರ್ವ ಕ್ರೈಸ್ತ ಇಂಜಿನಿಯರ್ ಒಂದಾಗಿ ದುಡಿದಾಗ ದೇಶಕ್ಕೆ ದೊರೆತ ಫಲವಿದು.

1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. 1970ರಲ್ಲಿ ಆರಂಭವಾದ 'ಆಪರೇಷನ್ ಫ್ಲಡ್' 1996ರವರೆಗೆ ಮೂರು ಹಂತಗಳಲ್ಲಿ ನಡೆಯಿತು. ಯುರೋಪಿನಿಂದ ದಾನವಾಗಿ ಬಂದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆಯನ್ನು ಸರಕಾರವು ಪುಕ್ಕಟೆ ಹಂಚಲಿಲ್ಲ. ಅದನ್ನು ಹಾಲಾಗಿಸಿ ಮಹಾನಗರಗಳಲ್ಲಿ ಮಾರಿ, ಬಂದ ಹಣದಿಂದ ಹಳ್ಳಿಗಳ ಸಂಘಗಳನ್ನೂ ಶೀತಲೀಕರಣ ಕೇಂದ್ರಗಳನ್ನೂ ಕಟ್ಟಲಾಯಿತು. ದಾನವನ್ನು ತಿಂದು ಮುಗಿಸುವ ಬದಲು ಬಂಡವಾಳವಾಗಿಸಿದ ಈ ವಿವೇಕದಿಂದ, ಝಕಾತನ್ನು ವರ್ಷಕ್ಕೊಮ್ಮೆ ಚಿಲ್ಲರೆಯಾಗಿ ಹಂಚುವ ನಾವೂ ಕಲಿಯಬೇಕಾದುದಿದೆ. 1950-51ರಲ್ಲಿ ದೇಶದ ವಾರ್ಷಿಕ ಹಾಲಿನ ಉತ್ಪಾದನೆ 1.7 ಕೋಟಿ ಟನ್ ಆಗಿತ್ತು. 2023-24ರಲ್ಲಿ ಅದು 23.93 ಕೋಟಿ ಟನ್ನಿಗೇರಿತು. ಜಗತ್ತಿನ ಒಟ್ಟು ಹಾಲಿನಲ್ಲಿ ಸುಮಾರು ಕಾಲು ಭಾಗ ನಮ್ಮದು. ಕರ್ನಾಟಕದಲ್ಲಿ 1970ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಯೋಜನೆಯೇ ಮುಂದೆ ಕರ್ನಾಟಕ ಹಾಲು ಮಹಾಮಂಡಳವಾಗಿ, ನಮ್ಮ ಮನೆಬಾಗಿಲಿನ 'ನಂದಿನಿ'ಯಾಗಿ ಬೆಳೆಯಿತು.

ಈ ಯಶಸ್ಸಿನ ಗುಟ್ಟೇನು? ಯಂತ್ರಗಳೇ? ಮಿಶ್ರತಳಿಯ ಹಸುಗಳೇ? ಅವೂ ಹೌದು. ಆದರೆ ಅವೆಲ್ಲಕ್ಕಿಂತ ದೊಡ್ಡದು ಒಂದು ಸರಳ ನಿಯಮ. ಡೇರಿಯ ಮುಂದೆ ಮೊದಲು ಬಂದವನು ಸಾಲಿನಲ್ಲಿ ಮೊದಲು ನಿಲ್ಲುತ್ತಾನೆ. ಹಾಲಿಗೆ ಬೆಲೆ ಕಟ್ಟುವುದು ಅದರ ಕೊಬ್ಬಿನಂಶ ಮತ್ತು ಇತರ ಘನಾಂಶ ನೋಡಿಯೇ ಹೊರತು ತಂದವನ ಹೆಸರು ನೋಡಿ ಅಲ್ಲ. ಅಳತೆ ಮುಗಿದ ಬಳಿಕ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಗೌಡರ ಮನೆಯ ಹಾಲು, ದಲಿತರ ಮನೆಯ ಹಾಲು, ಮುಸ್ಲಿಮರ ಮನೆಯ ಹಾಲು ಎಂದು ಆಮೇಲೆ ಬೇರ್ಪಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಲೋಪಗಳಿಲ್ಲವೆಂದಲ್ಲ. ಹಲವೆಡೆ ಸಂಘಗಳ ಆಡಳಿತ ಊರಿನ ಬಲಾಢ್ಯರ ಕೈಸೇರಿದೆ, ರಾಜಕೀಯದ ಮೆಟ್ಟಿಲಾಗಿದೆ. ಆದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ತತ್ವ ಉಳಿದಿದೆ.

ದೇಶದ ಹಾಲಿನ ಹೊಳೆಗೆ ಮುಸ್ಲಿಮರ ಕೊಡುಗೆಯೂ ಸಣ್ಣದಲ್ಲ. ಕಚ್ಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ಎಮ್ಮೆ ಸಾಕುವ ಮಾಲ್ಧಾರಿಗಳಲ್ಲಿ ಬಹುಪಾಲು ಮುಸ್ಲಿಮರು. ಅವರ ಎಮ್ಮೆಗಳು ರಾತ್ರಿಯೆಲ್ಲ ಮೇದು ಮುಂಜಾನೆ ತಾವಾಗಿಯೇ ಕರಾವಿಗೆ ಮರಳುತ್ತವೆ. ತಲೆಮಾರುಗಳಿಂದ ಅವರು ಕಾಪಾಡಿದ ಬನ್ನಿ ಎಮ್ಮೆಗೆ 2010ರಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ದೊರೆಯಿತು. ಹಿಮಾಲಯದ ತಪ್ಪಲಿನ ವನ್ ಗುಜ್ಜರರು ಎಮ್ಮೆಗಳೊಂದಿಗೇ ಅಲೆಯುತ್ತಾ ಬದುಕುವವರು. ಹರಿಯಾಣದ ಮೇವಾತ್‌ನ ಮುಸ್ಲಿಮರಲ್ಲಿ ಹೈನುಗಾರಿಕೆಯಿಂದ ಮನೆ ನಡೆಸುವವರು ಅಸಂಖ್ಯ.

ಪೆಹ್ಲೂ ಖಾನ್ ಅಂಥವರಲ್ಲೊಬ್ಬರು. 2017ರ ಏಪ್ರಿಲ್‌ನಲ್ಲಿ ಜೈಪುರದ ಜಾನುವಾರು ಸಂತೆಯಲ್ಲಿ ಹಸುಗಳನ್ನು ಖರೀದಿಸಿ ಊರಿಗೆ ಮರಳುತ್ತಿದ್ದರು. ಖರೀದಿಯ ರಶೀದಿ ಜೊತೆಗಿತ್ತು. ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ ಗುಂಪೊಂದು ಅವರನ್ನು ತಡೆದು ಥಳಿಸಿತು. ಅವರು ಆಸ್ಪತ್ರೆಯಲ್ಲಿ ಮೃತಪಟ್ಟರು. 2019ರ ಆಗಸ್ಟ್‌ನಲ್ಲಿ ವಿಚಾರಣಾ ನ್ಯಾಯಾಲಯವು ಆರು ಮಂದಿ ಆರೋಪಿಗಳನ್ನು ಸಂಶಯದ ಲಾಭ ನೀಡಿ ಬಿಡುಗಡೆಗೊಳಿಸಿತು. ಹಸುವನ್ನು ಸಾಕಲೆಂದೇ ಕೊಂಡೊಯ್ದವನು ಹಸುವಿನ ಹೆಸರಿನಲ್ಲೇ ಹತನಾದನು. ಕ್ಯಾನಿನೊಳಗಿನ ಹಾಲಿಗೆ ಜಾತಿಯಿಲ್ಲ, ಆದರೆ ಹಸುವಿನ ಹಗ್ಗ ಹಿಡಿದ ಕೈಗೆ ಇದೆ ಎಂದಾದರೆ, ಆ ಕ್ಯಾನ್ ಎಷ್ಟು ದಿನ ತುಂಬೀತು?

ಗೋವಿನ ಬಗ್ಗೆ ಹಿಂದೂ ಬಾಂಧವರಿಗಿರುವ ಪೂಜ್ಯ ಭಾವನೆಯನ್ನು ನಾವು ಗೌರವಿಸಬೇಕು, ಕಾನೂನನ್ನೂ ಪಾಲಿಸಬೇಕು. ಆದರೆ ಕಾನೂನನ್ನು ಪ್ರಶ್ನಿಸುವ ಹಕ್ಕೂ ಪ್ರಜೆಗಿದೆ. 1964ರ ಕರ್ನಾಟಕದ ಕಾನೂನು ಹಸು ಮತ್ತು ಕರುವಿನ ಹತ್ಯೆಯನ್ನು ನಿಷೇಧಿಸಿತ್ತು. ವಯಸ್ಸಾದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರದ ಆಧಾರದಲ್ಲಿ ವಿನಾಯಿತಿಯಿತ್ತು. 2020ರ ಕಾನೂನು ಎತ್ತು, ಹೋರಿಗಳಿಗೂ ವಯಸ್ಸಿನ ಭೇದವಿಲ್ಲದೆ ನಿಷೇಧ ವಿಧಿಸಿತು. 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ಸೇರಿಸಿತು. ಇದರಿಂದ ಕಟುಕನಿಗೆ ಮಾತ್ರ ನಷ್ಟವೆಂದು ಭಾವಿಸುವುದು ತಪ್ಪು. ಎರಡು ಹಸು ಕಟ್ಟಿದ ರೈತನ ಲೆಕ್ಕವನ್ನೊಮ್ಮೆ ನೋಡಿರಿ. ಹಾಲು ಬತ್ತಿದ ಹಸುವಿಗೂ ಹಿಂಡಿ, ಬೂಸಾ, ಮೇವು ಬೇಕು. ಟ್ರ್ಯಾಕ್ಟರ್ ಬಂದ ಹೊಲಕ್ಕೆ ಮಿಶ್ರತಳಿಯ ಗಂಡು ಕರು ಬೇಡ. ಮುದಿ ಜಾನುವಾರನ್ನು ಮಾರಿದ ಹಣವೇ ಹೊಸ ಹಸುವಿನ ಮೊದಲ ಕಂತಾಗಿತ್ತು. ಆ ಬಾಗಿಲು ಮುಚ್ಚಿದರೆ ಭಾರ ಬೀಳುವುದು ಎಲ್ಲ ಧರ್ಮಗಳ ಬಡ ಹೈನುಗಾರನ ಮೇಲೆ. 2019ರ ಜಾನುವಾರು ಗಣತಿಯು ದೇಶದಲ್ಲಿ 50 ಲಕ್ಷ ಬಿಡಾಡಿ ದನಗಳನ್ನು ಎಣಿಸಿತು. ಅವುಗಳನ್ನು ಬೀದಿಗೆ ಬಿಟ್ಟವನು ಕ್ರೂರಿಯೋ ಅಥವಾ ದಾರಿಗಾಣದವನೋ ಎಂದು ಆಳುವವರು ಯೋಚಿಸಲಿ. ಹೆಣ್ಣು ಕರುಗಳೇ ಹುಟ್ಟುವಂತೆ ಮಾಡುವ ವೀರ್ಯ ತಂತ್ರಜ್ಞಾನ ಬಂದಿದೆ, ನಿಜ. ಆದರೆ ಈಗಾಗಲೇ ಕೊಟ್ಟಿಗೆಯಲ್ಲಿರುವ ಹೋರಿಗರುವಿಗೆ ಅದು ಪರಿಹಾರವಲ್ಲ.

ಇಷ್ಟು ಹೇಳಿ ಸುಮ್ಮನಾದರೆ ನಮ್ಮ ಕರ್ತವ್ಯ ಮುಗಿಯಲಿಲ್ಲ. ಇತರರತ್ತ ಬೆರಳು ತೋರಿಸುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮ ಪಟ್ಟಣಗಳಲ್ಲಿ ಹೊಟೇಲು, ಬೇಕರಿ, ಚಹಾದಂಗಡಿ ನಡೆಸುವ ಮುಸ್ಲಿಮರು ದಿನವೂ ಸಾಕಷ್ಟು ಹಾಲು ಕೊಳ್ಳುತ್ತಾರೆ. ಆದರೆ ಪಟ್ಟಣದಂಚಿನ ಹಾಲು ಉತ್ಪಾದಕರ ಸಂಘಗಳ ಸದಸ್ಯತ್ವದ ಪಟ್ಟಿಯಲ್ಲಿ ನಮ್ಮವರ ಹೆಸರುಗಳೆಷ್ಟು? ವಾರ್ಷಿಕ ಮಹಾಸಭೆಗೆ ಹೋಗುವವರೆಷ್ಟು? ದೂರ ನಿಂತು ದೂರುವವನಿಗಿಂತ, ಒಳಗೆ ಹೋಗಿ ಷೇರು ಪಡೆದು ಮತ ಚಲಾಯಿಸುವವನ ಮಾತಿಗೆ ತೂಕ ಹೆಚ್ಚು.

ಹಾಲಿನ ಬಗ್ಗೆ ಇಸ್ಲಾಮ್ ನಮಗೆ ಕಲಿಸಿದ ಪಾಠವೂ ಚಿಕ್ಕದಲ್ಲ. ಆಡು, ಒಂಟೆಗಳನ್ನು ಮಾರುವ ಮುನ್ನ ಕೆಲವು ದಿನ ಕರೆಯದೆ ಕೆಚ್ಚಲು ತುಂಬಿಸಿಟ್ಟು ಗಿರಾಕಿಯನ್ನು ವಂಚಿಸುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದರು. ವಂಚಿತನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನು ಕೊಟ್ಟರು. ಅದರೊಂದಿಗೆ, ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕೆಂದು ವಿಧಿಸಿ ಮಾರಿದವನಿಗೂ ನ್ಯಾಯ ಒದಗಿಸಿದರು. ಹಾಲಿಗೆ ನೀರು ಬೆರೆಸೆಂದ ತಾಯಿಗೆ, ಖಲೀಫರು ಕಾಣದಿದ್ದರೂ ಅಲ್ಲಾಹನು ಕಾಣುತ್ತಾನೆಂದು ನೆನಪಿಸಿದ ಬಡ ಹುಡುಗಿಯನ್ನು ಖಲೀಫಾ ಉಮರ್(ರ) ತಮ್ಮ ಸೊಸೆಯಾಗಿ ಆರಿಸಿದ ಘಟನೆಯನ್ನು ನಾವು ಮದ್ರಸಾಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ಆದರೆ 2011ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ದೇಶದೆಲ್ಲೆಡೆಯಿಂದ ಸಂಗ್ರಹಿಸಿದ 1,791 ಮಾದರಿಗಳಲ್ಲಿ ಶೇ. 68ರಷ್ಟು ಮಾನದಂಡಕ್ಕೆ ಹೊಂದಿರಲಿಲ್ಲ. ಮುಖ್ಯ ಕಲಬೆರಕೆ ನೀರೇ ಆಗಿತ್ತು. 2018ರ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ ಅಪಾಯಕಾರಿ ಕಲಬೆರಕೆ ಕಂಡುಬಂದುದು ಕೇವಲ 12ರಲ್ಲಿ. ಆದರೆ ಬೂಷ್ಟು ಹಿಡಿದ ಮೇವಿನಿಂದ ಹಾಲಿಗಿಳಿಯುವ ವಿಷಾಂಶ ಅದಕ್ಕಿಂತ ಎಷ್ಟೋ ಹೆಚ್ಚು ಮಾದರಿಗಳಲ್ಲಿತ್ತು. ಹಾಲು ಮಾರುವ ಮುಸ್ಲಿಮನ ಹಾಲು ಪರೀಕ್ಷೆಯಿಲ್ಲದೆಯೇ ನಂಬುವಂತಿರಬೇಕು. ಅದಕ್ಕಿಂತ ಉತ್ತಮ ಧರ್ಮ ಪ್ರಚಾರ ಬೇರೊಂದಿಲ್ಲ.

ಅರಬರಲ್ಲಿ 'ಮನೀಹ' ಎಂಬ ಪದ್ಧತಿಯಿತ್ತು. ಹಾಲು ಕರೆಯುವ ಪ್ರಾಣಿಯನ್ನು ಬಡವನಿಗೆ ಸ್ವಲ್ಪ ಕಾಲ ಕೊಟ್ಟು, ಹಾಲನ್ನು ಅವನು ಬಳಸಿದ ಬಳಿಕ ಪ್ರಾಣಿಯನ್ನು ಹಿಂದಕ್ಕೆ ಪಡೆಯುವುದು. ಪ್ರವಾದಿ(ಸ)ಯವರು ಅದನ್ನು ಶ್ರೇಷ್ಠ ದಾನವೆಂದು ಪ್ರಶಂಸಿಸಿದ್ದಾರೆ. ನಮ್ಮ ಜಮಾಅತ್‌ಗಳೂ ಬೈತುಲ್ ಮಾಲ್‌ಗಳೂ ಪಟ್ಟಣದ ಹೊರವಲಯದ ಒಂದೊಂದು ಅರ್ಹ ಕುಟುಂಬಕ್ಕೆ, ವಿಶೇಷವಾಗಿ ವಿಧವೆಯರಿಗೆ, ಒಂದು ಹಸು ಅಥವಾ ಎಮ್ಮೆ ಒದಗಿಸಿ, ವಿಮೆ ಮಾಡಿಸಿ, ಹತ್ತಿರದ ಸಂಘದ ಸದಸ್ಯತ್ವ ಕೊಡಿಸಲಿ. ಡೇರಿಯ ಬಟವಾಡೆ ಆಕೆಯ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆ. ಬಡ್ಡಿಯ ಸಾಲಕ್ಕೆ ಕೈಚಾಚುವ ಅಗತ್ಯವೂ ತಗ್ಗುತ್ತದೆ. ಮೇಲಾಗಿ, ಪ್ರತಿದಿನ ಮುಂಜಾನೆ ಅವಳು ನೆರೆಯ ಹಿಂದೂ ಸೋದರಿಯರೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾಳೆ.

ವೇದಿಕೆಯ ಸೌಹಾರ್ದ ಭಾಷಣಗಳಿಗಿಂತ ಆ ಸಾಲಿಗೆ ಶಕ್ತಿ ಹೆಚ್ಚು. ಅದನ್ನು ಮುರಿಯದಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಅದರಲ್ಲಿ ಬಂದು ನಿಲ್ಲುವುದು ನಮ್ಮ ಹೊಣೆ.