‘3 ತಿಂಗಳ ಕೋರ್ಸ್, 25 ಲಕ್ಷ ಸಂಬಳ’: ಐಟಿ ಆಡಿಟರ್ ಫಾರ್ವರ್ಡ್‌ನ ಲೆಕ್ಕ ಎಲ್ಲಿ ತಪ್ಪುತ್ತದೆ?

“ಯಾವುದೇ ಡಿಗ್ರಿ ಆಗಿದ್ದರೆ ಸಾಕು. ಕೋಡಿಂಗ್ ಬೇಡ. 3 ತಿಂಗಳ ಕೋರ್ಸ್ ಮುಗಿಸಿ ಐಟಿ ಆಡಿಟರ್ ಆಗಿ. ವರ್ಷಕ್ಕೆ 25 ಲಕ್ಷ ಸಂಬಳ. ಕೆಲವೇ ಸೀಟು ಬಾಕಿ. ನಿಮ್ಮ ಮನೆಯ ಮಕ್ಕಳಿಗೆ ತಪ್ಪದೇ ಕಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಕಳಿಸುವವರ ಉದ್ದೇಶ ಒಳ್ಳೆಯದೇ. ಪಿಯುಸಿ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಗನೋ ಮಗಳೋ ಪ್ರತಿ ಮನೆಯಲ್ಲೂ ಇದ್ದಾರೆ. ಆದರೆ ಇದನ್ನು ನಂಬಿ ಸಾಲ ಮಾಡಿ ಕೋರ್ಸಿಗೆ ಹಣ ಕಟ್ಟಿದ ಮೇಲೆ ಕೆಲಸ ಸಿಗದಿದ್ದರೆ ಆ ಸಾಲ ತೀರಿಸಬೇಕಾದವರು ನಾವೇ. ಹಾಗಾಗಿ ಈ ಸಂದೇಶದಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ: ಐಟಿ ಆಡಿಟ್ ನಿಜವಾದ ಕೆಲಸ, ಅದಕ್ಕೆ ಬೇಡಿಕೆಯೂ ಇದೆ. 25 ಲಕ್ಷ ಪಡೆಯುವವರೂ ಇದ್ದಾರೆ. ಆದರೆ ಅದು ಹಲವು ವರ್ಷ ಕೆಲಸ ಮಾಡಿ, ದೊಡ್ಡ ಹೊಣೆ ಹೊತ್ತವರ ಸಂಬಳ. ನಿನ್ನೆ ಡಿಗ್ರಿ ಮುಗಿಸಿದವರದ್ದಲ್ಲ.

ಐಟಿ ಆಡಿಟರ್ ಎಂದರೆ ಯಾರು?

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ಐಟಿ ದಾಳಿ’ ಎಂದರೆ ನಮಗೆ ನೆನಪಾಗುವುದು ಆದಾಯ ತೆರಿಗೆ ಇಲಾಖೆ. ಐಟಿ ಆಡಿಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಐಟಿ ಎಂದರೆ ಮಾಹಿತಿ ತಂತ್ರಜ್ಞಾನ. ಲೆಕ್ಕದ ಆಡಿಟರ್ ಪುಸ್ತಕದ ಲೆಕ್ಕ ಸರಿಯೇ ಎಂದು ನೋಡಿದರೆ, ಐಟಿ ಆಡಿಟರ್ ಆ ಲೆಕ್ಕ ಇಟ್ಟುಕೊಂಡಿರುವ ಕಂಪ್ಯೂಟರ್ ವ್ಯವಸ್ಥೆಯನ್ನು ನಂಬಬಹುದೇ ಎಂದು ನೋಡುತ್ತಾರೆ.

ನಿಮ್ಮೂರಿನ ಸಹಕಾರ ಸೊಸೈಟಿಯನ್ನೇ ತೆಗೆದುಕೊಳ್ಳಿ. ಕ್ಯಾಷಿಯರ್ ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದಾರೆಯೇ? ಹಣ ಕಟ್ಟಿಸಿಕೊಳ್ಳುವವರೇ ಅದನ್ನು ಮಂಜೂರೂ ಮಾಡಬಹುದೇ? ಕಳೆದ ವರ್ಷ ಕೆಲಸ ಬಿಟ್ಟವರ ಲಾಗಿನ್ ಇನ್ನೂ ತೆರೆಯುತ್ತಿದೆಯೇ? ಬ್ಯಾಕಪ್ ತೆಗೆದಿಟ್ಟಿದ್ದಾರೆ ಸರಿ, ಅದನ್ನು ಒಮ್ಮೆಯಾದರೂ ವಾಪಸ್ ಹಾಕಿ ನೋಡಿದ್ದಾರೆಯೇ? ಇಂಥ ಪ್ರಶ್ನೆಗಳನ್ನು ಕೇಳುವುದು, ಉತ್ತರಕ್ಕೆ ಪುರಾವೆ ಪಡೆಯುವುದು, ತಪ್ಪಿದ್ದರೆ ವರದಿ ಬರೆಯುವುದು ಐಟಿ ಆಡಿಟರ್ ಕೆಲಸ. ‘ಕೋಡಿಂಗ್ ಬೇಡ’ ಎಂಬ ಮಾತು ಅರ್ಧ ನಿಜ. ಪ್ರೋಗ್ರಾಂ ಬರೆಯಬೇಕಿಲ್ಲ. ಆದರೆ ಸರ್ವರ್, ಡೇಟಾಬೇಸ್, ಕ್ಲೌಡ್ ಹೇಗೆ ನಡೆಯುತ್ತವೆ ಎಂದು ಗೊತ್ತಿಲ್ಲದೆ ಪ್ರಶ್ನೆ ಕೇಳಲು ಆಗುವುದಿಲ್ಲ.

ಈ ಕೆಲಸಕ್ಕೆ ಕಂಪನಿಗಳು ಹಣ ಕೊಡುವುದೇಕೆ?

2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆ ನೆನಪಿರಬಹುದು. ಮುಂಬೈನ ಒಂದು ಶಾಖೆಯಿಂದ ಭಾರತೀಯ ಬ್ಯಾಂಕುಗಳ ವಿದೇಶಿ ಶಾಖೆಗಳಿಗೆ ಖಾತರಿ ಸಂದೇಶಗಳು ಹೋಗಿದ್ದವು. ಅವು ಸ್ವಿಫ್ಟ್ ಎಂಬ ಸಂದೇಶ ಜಾಲದಲ್ಲಿ ಹೋಗುತ್ತಿದ್ದವು. ಆದರೆ ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಾದ ಕೋರ್ ಬ್ಯಾಂಕಿಂಗ್‌ನಲ್ಲಿ ಅವು ನಮೂದಾಗಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಕೊಂಡಿಯೇ ಇರಲಿಲ್ಲ. ಬ್ಯಾಂಕ್ ಮೊದಲು ಪ್ರಕಟಿಸಿದ ಮೊತ್ತವೇ ಸುಮಾರು 11,400 ಕೋಟಿ ರೂಪಾಯಿ. ‘ಈ ಎರಡು ವ್ಯವಸ್ಥೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ?’ ಎಂಬುದು ಐಟಿ ಆಡಿಟ್‌ನ ತೀರಾ ಸಾಮಾನ್ಯ ಪ್ರಶ್ನೆ. ಅದನ್ನು ಸಮಯಕ್ಕೆ ಸರಿಯಾಗಿ ಕೇಳಿ, ಉತ್ತರ ಬರುವವರೆಗೆ ಬಿಡದಿರುವುದರ ಬೆಲೆ ಎಷ್ಟು ಎಂದು ಇದರಿಂದ ಅಂದಾಜು ಮಾಡಬಹುದು.

ಬೇಡಿಕೆಯ ಎರಡನೆಯ ಕಾರಣ ಕಾನೂನು. ಅಮೆರಿಕದಲ್ಲಿ ಎನ್ರಾನ್ ಹಗರಣದ ನಂತರ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ಅಲ್ಲಿನ ಷೇರುಪೇಟೆಯಲ್ಲಿರುವ ಕಂಪನಿಗಳು ತಮ್ಮ ಹಣಕಾಸು ವರದಿಯ ಹಿಂದಿನ ನಿಯಂತ್ರಣಗಳನ್ನು ಪ್ರತಿವರ್ಷ ಪರೀಕ್ಷಿಸಬೇಕಾಯಿತು. ಕಂಪ್ಯೂಟರ್ ನಿಯಂತ್ರಣಗಳೂ ಇದರಲ್ಲಿ ಸೇರಿವೆ. ಬೆಂಗಳೂರಿನ ಕಚೇರಿಗಳಲ್ಲಿ ಇಂದು ನಡೆಯುವ ಐಟಿ ಆಡಿಟ್ ಕೆಲಸದ ದೊಡ್ಡ ಪಾಲು ಇಂಥ ವಿದೇಶಿ ಕಂಪನಿಗಳದ್ದು.

ನಮ್ಮಲ್ಲೂ ನಿಯಮಗಳು ಬಿಗಿಯಾಗಿವೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ದಾಖಲೆಯನ್ನು ಉಳಿಸಿಕೊಳ್ಳಬೇಕು. ಬ್ಯಾಂಕುಗಳ ಐಟಿ ಆಡಳಿತ ಮತ್ತು ಆಡಿಟ್ ಕುರಿತ ರಿಸರ್ವ್ ಬ್ಯಾಂಕಿನ ಸಮಗ್ರ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರ್ಕಾರ ಮಹತ್ವದ್ದೆಂದು ಗುರುತಿಸುವ ಸಂಸ್ಥೆಗಳು ಸ್ವತಂತ್ರ ದತ್ತಾಂಶ ಆಡಿಟರ್ ಒಬ್ಬರನ್ನು ನೇಮಿಸಬೇಕು. ಒಂದೊಂದು ಹೊಸ ನಿಯಮ ಬಂದಾಗಲೂ ಅದನ್ನು ಪರೀಕ್ಷಿಸಬಲ್ಲ ಅನುಭವಿಗಳಿಗೆ ಬೇಡಿಕೆ ಏರುತ್ತದೆ.

ಹಾಗಾದರೆ 25 ಲಕ್ಷ ಎಲ್ಲಿಂದ ಬಂತು?

ಇಂಥ ಸಂದೇಶಗಳಲ್ಲಿ ದೊಡ್ಡ ಸಂಖ್ಯೆ ಹುಟ್ಟುವ ದಾರಿಗಳು ಮುಖ್ಯವಾಗಿ ಮೂರು.

*ಒಂದು, ಡಾಲರ್ ಲೆಕ್ಕ.* ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳಲ್ಲಿ ಐಟಿ ಆಡಿಟರ್‌ಗಳು ‘ಲೆಕ್ಕಿಗರು ಮತ್ತು ಆಡಿಟರ್‌ಗಳು’ ಎಂಬ ದೊಡ್ಡ ಗುಂಪಿನೊಳಗೆ ಬರುತ್ತಾರೆ. 2023ರ ಮೇ ತಿಂಗಳಲ್ಲಿ ಆ ಗುಂಪಿನ ನಡುಮಧ್ಯದ ಸಂಬಳ ವರ್ಷಕ್ಕೆ 79,880 ಡಾಲರ್. ಡಾಲರ್‌ಗೆ 85 ರೂಪಾಯಿಯಂತೆ ಗುಣಿಸಿದರೆ ಸುಮಾರು 68 ಲಕ್ಷ. ಸಂಖ್ಯೆ ನಿಜವೇ. ಆದರೆ ಆ ಸಂಬಳದಲ್ಲಿ ಕೊಡುವ ಮನೆ ಬಾಡಿಗೆ, ಆಸ್ಪತ್ರೆ ಖರ್ಚು, ತೆರಿಗೆ ಎಲ್ಲವೂ ಡಾಲರ್‌ನಲ್ಲೇ. ಅದನ್ನು ರಾಜಾಜಿನಗರದ ಬಾಡಿಗೆಯ ಪಕ್ಕ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

*ಎರಡು, ಸರಾಸರಿಯ ಮಾಯೆ.* ಒಂದು ಕಚೇರಿಯಲ್ಲಿ 10 ಜನ ಇದ್ದಾರೆ ಎಂದುಕೊಳ್ಳಿ. 9 ಜನರಿಗೆ ವರ್ಷಕ್ಕೆ 6 ಲಕ್ಷ, ಮುಖ್ಯಸ್ಥರೊಬ್ಬರಿಗೆ 60 ಲಕ್ಷ. ಸರಾಸರಿ ತೆಗೆದರೆ 11 ಲಕ್ಷದ 40 ಸಾವಿರ. ಆದರೆ ಆ ಕಚೇರಿಯಲ್ಲಿ ಅಷ್ಟು ಸಂಬಳ ಪಡೆಯುವವರು ಒಬ್ಬರೂ ಇಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ಮಧ್ಯದಲ್ಲಿರುವವರನ್ನು ಕೇಳಿದರೆ 6 ಲಕ್ಷ ಎನ್ನುತ್ತಾರೆ. ಸಂಬಳದ ವಿಷಯದಲ್ಲಿ ಈ ನಡುಮಧ್ಯದ ಸಂಖ್ಯೆಯನ್ನೇ ಕೇಳಬೇಕು.

*ಮೂರು, ಪ್ರಮಾಣಪತ್ರದ ಹೋಲಿಕೆ.* ‘ಪ್ರಮಾಣಪತ್ರ ಇರುವವರ ಸಂಬಳ ಇಲ್ಲದವರಿಗಿಂತ ಎಷ್ಟೋ ಹೆಚ್ಚು’ ಎಂಬ ವಾದ ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಪ್ರಮಾಣಪತ್ರ ಸಂಬಳ ತರುತ್ತದೆಯೇ?

ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಹೆಸರಾದ ಪ್ರಮಾಣಪತ್ರ ಸಿಐಎಸ್‌ಎ. ಇದನ್ನು ಕೊಡುವುದು ಐಸಾಕಾ ಎಂಬ ಸಂಸ್ಥೆ. ಪರೀಕ್ಷೆಯಲ್ಲಿ 150 ಪ್ರಶ್ನೆ, 4 ಗಂಟೆ ಸಮಯ. 200ರಿಂದ 800ರವರೆಗಿನ ಮಾಪನದಲ್ಲಿ 450 ಬಂದರೆ ಪಾಸು.

ಫಾರ್ವರ್ಡ್ ಹೇಳದ ಮಾತು ಮುಂದಿದೆ. ಪರೀಕ್ಷೆ ಪಾಸಾದ ಕೂಡಲೇ ಪ್ರಮಾಣಪತ್ರ ಸಿಗುವುದಿಲ್ಲ. ಮಾಹಿತಿ ವ್ಯವಸ್ಥೆಗಳ ಆಡಿಟ್, ನಿಯಂತ್ರಣ ಅಥವಾ ಭದ್ರತೆಯ ಕೆಲಸದಲ್ಲಿ 5 ವರ್ಷದ ಅನುಭವ ತೋರಿಸಬೇಕು. ಓದು ಮತ್ತು ಬೇರೆ ಅನುಭವದ ಆಧಾರದಲ್ಲಿ ಗರಿಷ್ಠ 3 ವರ್ಷ ರಿಯಾಯಿತಿ ಸಿಗಬಹುದು. ಅಂದರೆ ಕನಿಷ್ಠ 2 ವರ್ಷ ಕೆಲಸ ಮಾಡಿರಲೇಬೇಕು. ಪಾಸಾದ ದಿನದಿಂದ 5 ವರ್ಷದೊಳಗೆ ಅರ್ಜಿ ಹಾಕಬೇಕು. ಆಮೇಲೂ ಪ್ರತಿವರ್ಷ ಕನಿಷ್ಠ 20 ಗಂಟೆ, 3 ವರ್ಷಕ್ಕೆ 120 ಗಂಟೆ ಕಲಿಕೆ ಮುಂದುವರಿಸಿದರೆ ಮಾತ್ರ ಅದು ಊರ್ಜಿತ.

ಈಗ ಆ ಹೋಲಿಕೆಗೆ ಮತ್ತೆ ಬನ್ನಿ. ಪ್ರಮಾಣಪತ್ರ ಇರುವವರೆಲ್ಲ ಅನುಭವಿಗಳು. ಇಲ್ಲದವರ ಗುಂಪಿನಲ್ಲಿ ಮೊನ್ನೆ ಸೇರಿದ ಹುಡುಗರೂ ಇದ್ದಾರೆ. ಸಂಬಳದ ವ್ಯತ್ಯಾಸ ಬರದೇ ಇರುತ್ತದೆಯೇ? ಸ್ವಂತ ಮನೆ ಇರುವವರ ಸಂಬಳ ಬಾಡಿಗೆ ಮನೆಯವರಿಗಿಂತ ಸಾಮಾನ್ಯವಾಗಿ ಹೆಚ್ಚು. ಹಾಗೆಂದು ಮನೆ ಕಟ್ಟಿದರೆ ಸಂಬಳ ಏರುವುದಿಲ್ಲವಲ್ಲ. ಇದೂ ಹಾಗೆಯೇ. ಒಂದೇ ಅನುಭವದ ಇಬ್ಬರು ಒಂದೇ ಹುದ್ದೆಗೆ ಬಂದಾಗ ಪ್ರಮಾಣಪತ್ರ ಇದ್ದವರಿಗೆ ಮೇಲುಗೈ ಸಿಗುತ್ತದೆ, ಅದು ನಿಜ. ಅನುಭವದ ಜಾಗವನ್ನು ಮಾತ್ರ ಅದು ತುಂಬುವುದಿಲ್ಲ.

ಖರ್ಚನ್ನೂ ನೋಡಿ. ಪರೀಕ್ಷಾ ಶುಲ್ಕವೇ ಐಸಾಕಾ ಸದಸ್ಯರಿಗೆ 575 ಡಾಲರ್, ಉಳಿದವರಿಗೆ 760 ಡಾಲರ್. ಡಾಲರ್‌ಗೆ 85 ರೂಪಾಯಿ ಎಂದರೂ 760 ಡಾಲರ್ ಎಂದರೆ 64,600 ರೂಪಾಯಿ. ಕೋಚಿಂಗ್ ಶುಲ್ಕ ಇದರ ಮೇಲೆ.

ನಮ್ಮಲ್ಲಿ ಯಾರಿಗೆ ಎಷ್ಟು?

ಖಾಸಗಿ ಸಂಬಳ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆದರೆ ಎಲ್ಲರೂ ನೋಡಬಹುದಾದ ಕೆಲವು ಅಧಿಕೃತ ಅಳತೆಗೋಲುಗಳಿವೆ.

- ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗಳ ಆಡಿಟ್ ಮಾಡುವುದು ಸಿಎಜಿ ಕೈಕೆಳಗಿನ ಇಲಾಖೆ. ಅಲ್ಲಿನ ಸಹಾಯಕ ಆಡಿಟ್ ಅಧಿಕಾರಿ ಹುದ್ದೆಗೆ 7ನೇ ವೇತನ ಆಯೋಗದ ಪ್ರಕಾರ ಮೂಲ ವೇತನ ತಿಂಗಳಿಗೆ 47,600ರಿಂದ 1,51,100 ರೂಪಾಯಿ.
- ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಆಡಿಟ್ ವಿಭಾಗಗಳಲ್ಲೂ ಐಟಿ ಆಡಿಟ್ ಬಲ್ಲ ಅಧಿಕಾರಿಗಳಿದ್ದಾರೆ. 2024ರ ಮಾರ್ಚ್‌ನಲ್ಲಿ ಸಹಿಯಾದ ವೇತನ ಒಪ್ಪಂದದಂತೆ ಸ್ಕೇಲ್ 2 ಅಧಿಕಾರಿಯ ಮೂಲ ವೇತನ 64,820ರಿಂದ 93,960 ರೂಪಾಯಿ, ಸ್ಕೇಲ್ 3ಕ್ಕೆ 85,920ರಿಂದ 1,05,280 ರೂಪಾಯಿ.

ಇವಕ್ಕೆ ತುಟ್ಟಿಭತ್ಯೆ ಮತ್ತಿತರ ಭತ್ಯೆ ಸೇರುತ್ತವೆ. ಇವು ಸ್ಪರ್ಧಾತ್ಮಕ ಪರೀಕ್ಷೆ, ಅನುಭವ, ಬಡ್ತಿಯ ಮೂಲಕ ತಲುಪುವ ಹುದ್ದೆಗಳು ಎಂಬುದನ್ನು ಮರೆಯಬೇಡಿ.

ಖಾಸಗಿ ಕಂಪನಿಯ ವಿಷಯಕ್ಕೆ ಬಂದರೆ ಇನ್ನೊಂದು ಎಚ್ಚರ. ಸಂದೇಶದಲ್ಲಿ ಬರುವ ‘ಪ್ಯಾಕೇಜ್’ ಕೈಗೆ ಬರುವ ಸಂಬಳವಲ್ಲ. 9 ಲಕ್ಷದ ಸಿಟಿಸಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 12ರಿಂದ ಭಾಗಿಸಿದರೆ ತಿಂಗಳಿಗೆ 75,000. ಈಗ ಕಳೆಯುತ್ತಾ ಹೋಗಿ. ಕೆಲಸ ನೋಡಿ ವರ್ಷದ ಕೊನೆಯಲ್ಲಿ ಕೊಡುವ ಭಾಗ 10 ಶೇಕಡಾ ಎಂದಾದರೆ 90,000. ಮೂಲ ವೇತನ 4.5 ಲಕ್ಷ ಎಂದಾದರೆ ಕಂಪನಿ ಕಟ್ಟುವ ಪಿಎಫ್ 54,000, ಗ್ರಾಚ್ಯುಟಿ ಲೆಕ್ಕ ಸುಮಾರು 21,600. ಉಳಿದದ್ದು ತಿಂಗಳಿಗೆ ಸುಮಾರು 61,200. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 4,500, ವೃತ್ತಿ ತೆರಿಗೆ 200 ಹೋದರೆ ಬ್ಯಾಂಕಿಗೆ ಬೀಳುವುದು ಸುಮಾರು 56,500 ರೂಪಾಯಿ. 75,000 ಎಂದು ನಂಬಿ ಇಎಂಐ ಹಾಕಿಕೊಂಡವರಿಗೆ ಮೊದಲ ತಿಂಗಳೇ ಕಷ್ಟ.

ಸಂಬಳ ನಿಜವಾಗಿ ಏರುವುದು ಯಾವುದರಿಂದ?

ಹೊಣೆ: ಹೊಸಬರು ಪಟ್ಟಿ ಹಿಡಿದು ಪುರಾವೆ ಸಂಗ್ರಹಿಸುತ್ತಾರೆ. ಹಿರಿಯರು ಅಪಾಯ ಎಲ್ಲಿದೆ ಎಂದು ನಿರ್ಧರಿಸುತ್ತಾರೆ. ಮೇಲಿನವರು ವರದಿಗೆ ಸಹಿ ಹಾಕಿ, ಆಡಳಿತ ಮಂಡಳಿಯ ಮುಂದೆ ನಿಂತು ಉತ್ತರ ಕೊಡುತ್ತಾರೆ. ತಪ್ಪಾದರೆ ಹೆಸರು ಕೆಡುವುದು ಅವರದ್ದೇ. ದೊಡ್ಡ ಸಂಬಳ ಈ ಹೊಣೆಗೆ.

ಎಲ್ಲಿ ಕೆಲಸ: ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಹಲವು ಗ್ರಾಹಕರ ಕೆಲಸ ನೋಡಿ ಬೇಗ ಕಲಿಯಬಹುದು, ಆದರೆ ವರದಿ ಕೊಡುವ ತಿಂಗಳುಗಳಲ್ಲಿ ರಾತ್ರಿ ಹಗಲು ದುಡಿಯಬೇಕು. ಅಲ್ಲಿ ಕೆಲವು ವರ್ಷ ಪಳಗಿ, ಬಹುರಾಷ್ಟ್ರೀಯ ಕಂಪನಿಯ ಒಳ ಆಡಿಟ್ ವಿಭಾಗಕ್ಕೆ ಹೋಗುವುದು ಸಂಬಳ ಏರಿಸಿಕೊಳ್ಳುವ ಸಾಮಾನ್ಯ ದಾರಿ.

ಎರಡು ವಿದ್ಯೆ: ಲೆಕ್ಕ ಬಲ್ಲವರಿಗೆ ಕಂಪ್ಯೂಟರ್ ಗೊತ್ತಿರುವುದಿಲ್ಲ, ಕಂಪ್ಯೂಟರ್ ಬಲ್ಲವರಿಗೆ ಲೆಕ್ಕ ಗೊತ್ತಿರುವುದಿಲ್ಲ. ಎರಡೂ ಬಲ್ಲವರು ಕಡಿಮೆ. ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ ಸಿಎಗಳಿಗಾಗಿಯೇ ಮಾಹಿತಿ ವ್ಯವಸ್ಥೆ ಆಡಿಟ್‌ನ ಪ್ರತ್ಯೇಕ ಕೋರ್ಸ್ ನಡೆಸುವುದು ಇದಕ್ಕಾಗಿಯೇ.

ಬರವಣಿಗೆ: ಕಂಡ ದೋಷವನ್ನು ತಾಂತ್ರಿಕ ಜ್ಞಾನವಿಲ್ಲದ ನಿರ್ದೇಶಕರಿಗೂ ಅರ್ಥವಾಗುವಂತೆ ಒಂದು ಪುಟದಲ್ಲಿ ಬರೆಯಬಲ್ಲವರು ಬೇಗ ಮೇಲೇರುತ್ತಾರೆ. ಕೋರ್ಸಿನ ಜಾಹೀರಾತುಗಳಲ್ಲಿ ಇದರ ಮಾತು ಬರುವುದು ಅಪರೂಪ.

ಹಣ ಕಟ್ಟುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

ಕೋರ್ಸಿನವರಿಗೆ ಈ ನಾಲ್ಕು ಪ್ರಶ್ನೆ ಕೇಳಿ:

1. ಹೇಳುತ್ತಿರುವ ಸಂಬಳ ಎಷ್ಟು ವರ್ಷ ಅನುಭವ ಇರುವವರದ್ದು?
2. ಅದು ಸಿಟಿಸಿಯೋ, ಕೈಗೆ ಬರುವುದೋ? ಸರಾಸರಿಯೋ, ನಡುಮಧ್ಯದ್ದೋ?
3. ಕೊನೆಯಲ್ಲಿ ಸಿಗುವುದು ಸಿಐಎಸ್‌ಎ ಪ್ರಮಾಣಪತ್ರವೋ, ನಿಮ್ಮ ಸಂಸ್ಥೆಯ ‘ತರಬೇತಿ ಮುಗಿಸಿದ್ದಾರೆ’ ಎಂಬ ಪತ್ರವೋ?
4. ಕಳೆದ ವರ್ಷ ಅನುಭವವಿಲ್ಲದೆ ಸೇರಿದವರಲ್ಲಿ ಎಷ್ಟು ಮಂದಿಗೆ, ಯಾವ ಹುದ್ದೆ ಸಿಕ್ಕಿತು?

ಉತ್ತರ ಬರವಣಿಗೆಯಲ್ಲಿ ಕೊಡಲು ಹಿಂಜರಿದರೆ ನೀವೂ ಹಣ ಕೊಡಲು ಹಿಂಜರಿಯಿರಿ. ‘ಕೆಲಸ ಗ್ಯಾರಂಟಿ, ನೋಂದಣಿ ಶುಲ್ಕ ಮಾತ್ರ ಕಟ್ಟಿ’ ಎಂದರೆ ಅದು ವಂಚನೆಯ ಹಳೆಯ ಪಟ್ಟು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆಯಲ್ಲಿ ಯಾರಿಗಾದರೂ ಈ ಕೆಲಸದಲ್ಲಿ ನಿಜವಾಗಿ ಆಸಕ್ತಿ ಇದ್ದರೆ ದಾರಿ ಮುಚ್ಚಿಲ್ಲ. ಬಿಕಾಂ, ಬಿಸಿಎ, ಎಂಜಿನಿಯರಿಂಗ್ ಓದಿದವರು ಮೊದಲು ಆಡಿಟ್ ಅಥವಾ ಐಟಿ ಸಪೋರ್ಟ್‌ನ ಸಣ್ಣ ಹುದ್ದೆಗೆ ಸೇರಲಿ, ಕೆಲಸ ಕಲಿಯಲಿ. ದುಡಿದ ಹಣದಲ್ಲೇ ಆಮೇಲೆ ಪರೀಕ್ಷೆಗೆ ಕಟ್ಟಲಿ. ಆಗ ಅನುಭವದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ, ಸಾಲದ ಹೊರೆಯೂ ಇರುವುದಿಲ್ಲ.

ಪುರಾವೆ ಕೇಳದೆ ಯಾವುದನ್ನೂ ಒಪ್ಪಬಾರದು ಎಂಬುದು ಐಟಿ ಆಡಿಟರ್‌ಗೆ ಕಲಿಸುವ ಮೊದಲ ಪಾಠ. ಅದಕ್ಕೆ ಶುಲ್ಕವಿಲ್ಲ. ಮುಂದಿನ ಬಾರಿ ಸಂಬಳದ ಫಾರ್ವರ್ಡ್ ಬಂದಾಗ ನಾವು, ನೀವು ಎಲ್ಲರೂ ಅದನ್ನು ಬಳಸೋಣ.